ಅಕ್ಕಿಗೆಂದು ಎತ್ತಿದ ಕೈ

ಹೆರ್ಮೊಹೆನೆಸ್ ಸಾಂದಿಕೋ ಎಂಬ ಪೂರ್ತಿ ಹೆಸರು ಇದ್ದದ್ದು ಚರ್ಚಿನ ಪುಸ್ತಕದಲ್ಲಿ ಮಾತ್ರ. ತಾಬಿಂಗ್‌ಸಾಪಾದ ಜನಕ್ಕೆ ಅವನು ಮೊಹೆಂಗ್. ಮನೀಲಾ ಪಟ್ಟಣದ ಹೊಗೆ ಕಣ್ಣಿಗೆ ಕಾಣುವಷ್ಟು ಹತ್ತಿರ, ಅದರ ಗದ್ದಲ ಕಿವಿಗೆ ಬೀಳದಷ್ಟು ದೂರ ಇದ್ದ ಆ ಹೊಳೆದಂಡೆಯ ಕೇರಿಯಲ್ಲಿ ಅವನ ಮನೆತನದವರು ತಲೆತಲಾಂತರದಿಂದ ಬಾತುಮೊಟ್ಟೆಗೆ ಕಾವು ಕೊಡುತ್ತ ಬಂದವರು. ಹುರಿದ ಬತ್ತವನ್ನು ಬಟ್ಟೆಚೀಲಕ್ಕೆ ತುಂಬಿ, ಆಳವಾದ ಬಿದಿರುಬುಟ್ಟಿಯಲ್ಲಿ ಒಂದು ಪದರ ಮೊಟ್ಟೆ, ಒಂದು ಪದರ ಬಿಸಿಬತ್ತ ಎಂದು ಜೋಡಿಸಿ, ಒಳಗೆ ಮರಿಯ ರೂಪು ಮೂಡುವ ಹೊತ್ತಿಗೆ ಸರಿಯಾಗಿ ತೆಗೆದು ಬೇಯಿಸಿದರೆ ಅದು ಬಲೂತ್. ಸಂಜೆ ಹೊತ್ತು ಉಪ್ಪು ಉದುರಿಸಿಕೊಂಡು ಅದನ್ನು ಹೀರುವವರಿಗೆ ಬೇರೆ ತಿಂಡಿ ರುಚಿಸುವುದಿಲ್ಲ. ಬಿಸಿ ಒಂದಿಷ್ಟು ಹೆಚ್ಚಾದರೂ ಮೊಟ್ಟೆ ಕೆಟ್ಟಿತು, ಒಂದಿಷ್ಟು ಕಡಿಮೆಯಾದರೂ ಕೆಟ್ಟಿತು. ಹೀಗಾಗಿ ಚಿಂತೆ ಅನ್ನುವುದು ಮೊಹೆಂಗನಿಗೆ ಕಸುಬಿನ ಜೊತೆಗೇ ಅಂಟಿಕೊಂಡು ಬಂದಿತ್ತು. ಮದುವೆಯ ದಿನ ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದರೆ ಮದುಮಗ ಬುಟ್ಟಿ ತಣ್ಣಗಾಯಿತೇನೋ ಎಂದು ಬಾಗಿಲ ಕಡೆಗೇ ನೋಡುತ್ತಿದ್ದನೆಂದು ಹೆಂಡತಿ ಸೆಂದಾಂಗ್ ಎಲ್ಲರ ಮುಂದೆ ಹೇಳಿ ನಗುತ್ತಿದ್ದಳು.

ಅಂಥವನು ಕೇರಿಗೆ ಕಪಿತಾನ್, ಅಂದರೆ ಮುಖಂಡ, ಆದದ್ದು ತನ್ನ ಆಸೆಯಿಂದಲ್ಲ. ಆ ವರ್ಷ ಚುನಾವಣೆಗೆ ನಿಂತಿದ್ದ ಇಬ್ಬರು ಷಡ್ಡಕರು ಕೈಕೈ ಮಿಲಾಯಿಸಿ, ಇಬ್ಬರ ತಲೆಗೂ ಪಟ್ಟಿ ಬಿದ್ದಾಗ, ‘ಮೊಹೆಂಗ್ ಆದ್ರೆ ಯಾರಿಗೂ ತಾಪತ್ರಯ ಇಲ್ಲ’ ಎಂದು ಊರವರು ಇವನನ್ನು ಎಳೆದು ತಂದು ನಿಲ್ಲಿಸಿದ್ದರು. ಒಬ್ಬರ ಬಾತು ಇನ್ನೊಬ್ಬರ ಕೆಸರುಗುಂಡಿಗೆ ಇಳಿದ ಜಗಳ, ಜಾತ್ರೆ ದಿನದ ಬ್ಯಾಂಡಿನವರ ಊಟ, ಬ್ಯಾಸ್ಕೆಟ್‌ಬಾಲ್ ಅಂಗಳದ ದೀಪ. ಕಪಿತಾನನ ರಾಜ್ಯಭಾರ ಇಷ್ಟೇ. ಇಷ್ಟಕ್ಕೇ ಅವನಿಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ.

ಎಪ್ಪತ್ತೆರಡರ ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ರೇಡಿಯೋ ತಿರುಗಿಸಿದರೆ ಬರೀ ಗೊರಗೊರ ಸದ್ದು. ಬ್ಯಾಟರಿ ಹೋಗಿದೆ ಎಂದುಕೊಂಡು ಮೊಹೆಂಗ್ ಪಕ್ಕದ ಮನೆಗೆ ಹೋದ. ಅಲ್ಲಿಯೂ ಗೊರಗೊರ. ಹೊತ್ತೇರುವಷ್ಟರಲ್ಲಿ ಸೆಂದಾಂಗಳ ತಮ್ಮ ತೆಯೋ ಪಟ್ಟಣದಿಂದ ವಾಪಸು ಬಂದ. ಪತ್ರಿಕೆಯೊಂದರಲ್ಲಿ ಅಚ್ಚುಮೊಳೆ ಜೋಡಿಸುವುದು ಅವನ ಕೆಲಸ. ಅಕ್ಕನ ಮನೆಯಲ್ಲೇ ಅವನ ವಾಸ.

“ಪ್ರೆಸ್ಸಿಗೆ ಬೀಗ ಹಾಕಿದಾರೆ ಕುಯಾ,” ಎಂದ ಭಾವನಿಗೆ. “ಬಾಗ್ಲಲ್ಲಿ ಸೋಲ್ಜರ್‌ಗಳು. ನನ್ ಊಟದ ಡಬ್ಬಿ ಒಳಗಿದೆ ಅಂದೆ. ‘ನಾಡಿದ್ದು ಬಾ’ ಅಂದ ಒಬ್ಬ. ಇನ್ನೊಬ್ಬ ನಕ್ಕ.”

“ಯಾಕೆ ನಕ್ಕ?” ಎಂದು ಮೊಹೆಂಗ್ ಕೇಳಿದ.

“ಅದನ್ನ ನಾನ್ ಕೇಳ್ಲಿಲ್ಲ.”

ಸಂಜೆ ಟೀವಿ ಇದ್ದ ಮನೆಯ ಕಿಟಕಿಯ ಮುಂದೆ ಕೇರಿಯೇ ನಿಂತಿತ್ತು. ದೇಶದ ಅಧ್ಯಕ್ಷರು ತೆರೆಯ ಮೇಲೆ ಬಂದು ಕಾಗದ ಓದಿದರು. ದೇಶಕ್ಕೆ ಅಪಾಯ ಬಂದಿದೆ, ಇನ್ನು ಸೇನೆಯ ಆಡಳಿತ, ಹೊತ್ತು ಮೀರಿ ಯಾರೂ ಬೀದಿಯಲ್ಲಿ ಇರಕೂಡದು ಎಂದರು. ಸೆನೆಟರುಗಳು ಕೆಲವರು ಆಗಲೇ ಸೆರೆಮನೆ ಸೇರಿದ್ದರು. ಓದಿದ ದನಿ ಮೆತ್ತಗಿತ್ತು. ಮನೆಗೆ ಬರುತ್ತ ಸೆಂದಾಂಗ್, “ಬೈದಿದ್ರೇ ಚೆನ್ನಾಗಿತ್ತು. ಮೆತ್ತಗೆ ಮಾತಾಡೋರನ್ನ ನಾನು ನಂಬಲ್ಲ,” ಎಂದಳು.

ಮೊದಲ ವಾರಗಳು ಕೆಟ್ಟದಾಗಿದ್ದವು ಎಂದರೆ ಸುಳ್ಳು ಹೇಳಿದ ಹಾಗೆ. ಕುಡಿದು ಬಂದೂಕು ಹಾರಿಸುವವರು ನಾಪತ್ತೆಯಾದರು. ಉದ್ದ ಕೂದಲಿನ ಹುಡುಗರನ್ನು ಪೊಲೀಸರು ಹಿಡಿದು ಬೋಳಿಸಿದಾಗ ಮುದುಕರು ಚಪ್ಪಾಳೆ ತಟ್ಟಿದರು. ಬೀದಿಗಳು ಗುಡಿಸಿ ಚೊಕ್ಕವಾಗಿದ್ದವು. ಆದರೆ ಜನ ಮಾತಿನ ನಡುವೆ ತಟ್ಟನೆ ನಿಲ್ಲಿಸಿ ಹಿಂದೆ ತಿರುಗಿ ನೋಡುವ ಅಭ್ಯಾಸ ಮಾಡಿಕೊಂಡಿದ್ದು ಆಗಲೇ. ಜೀಪಿನ ಸದ್ದು ಕೇಳಿದರೆ ಅಡುಗೆಮನೆಯಲ್ಲಿ ಸೌಟು ನಿಲ್ಲುತ್ತಿತ್ತು.

ಒಂದು ದಿನ ಪುರಸಭೆಯಿಂದ ಕರೆ ಬಂತು. ಅಲ್ಲಿನ ಕಾರ್ಯದರ್ಶಿ ಕತಿಂದಿಗ್ ಎಂಬಾತ, ಎಣ್ಣೆ ಹಾಕಿ ಬಾಚಿದ ಕ್ರಾಪಿನ ಮನುಷ್ಯ, ಎಲ್ಲ ಕೇರಿಗಳ ಕಪಿತಾನರನ್ನೂ ಬೆಂಚಿನ ಮೇಲೆ ಕೂರಿಸಿ ಒಂದೊಂದು ಹಾಳೆ ಕೊಟ್ಟ.

“ರಾಜೀನಾಮೆ ಬರೀರಿ. ಸಹಿ ಹಾಕಿ. ತಾರೀಖು ಮಾತ್ರ ಹಾಕ್ಬೇಡಿ.”

ಮೊಹೆಂಗ್‌ಗೆ ಒಳಗೊಳಗೇ ಹಗುರವಾಯಿತು. “ಅಂದ್ರೆ ನಾನು ಇನ್ನು ಕಪಿತಾನ್ ಅಲ್ವಾ ಸಾರ್?”

“ಯಾರಪ್ಪಾ ಹಾಗಂದಿದ್ದು? ನೀನೇ ಕಪಿತಾನ್. ತಾರೀಖು ನಾವು ಹಾಕ್ಕೋತೀವಿ, ಬೇಕಾದಾಗ.”

“ಬೇಕಾದಾಗ ಅಂದ್ರೆ ಯಾವಾಗ?”

“ಅಯ್ಯೋ, ದೊಡ್ಡ ದೊಡ್ಡ ಜಡ್ಜ್‌ಗಳೇ ಕಮಕ್ ಕಿಮಕ್ ಅನ್ನದೆ ಬರ್ಕೊಡ್ತಿದಾರಂತೆ. ನೀನು ಬಾತುಮೊಟ್ಟೆಯೋನು, ನಿಂದೇನಯ್ಯಾ ಅಷ್ಟೊಂದು ಪ್ರಶ್ನೆ?”

ಬೆಂಚಿನವರು ನಕ್ಕರು. ಮೊಹೆಂಗನೂ ನಕ್ಕು ಸಹಿ ಹಾಕಿದ. ಅದನ್ನು ಮನೆಯಲ್ಲಿ ಹೇಳಿದಾಗ ತೆಯೋ ಮಾತ್ರ ನಗಲಿಲ್ಲ. ಹುಣಸೆಹುಳಿಯ ಸಾರಿಗೆ ಜೋಳದ ನುಚ್ಚು ಬೆರೆಸಿದ ಅನ್ನ ಕಲಸುತ್ತ ಕುಳಿತಿದ್ದವನು ಕೈ ನಿಲ್ಲಿಸಿದ. ಆ ವರ್ಷದ ನೆರೆಗೆ ಗದ್ದೆಗಳು ಕೊಚ್ಚಿ ಹೋಗಿ ಬರೀ ಅಕ್ಕಿಯ ಅನ್ನ ಯಾರ ಮನೆಯಲ್ಲೂ ಇರಲಿಲ್ಲ.

“ಜಡ್ಜ್‌ಗಳ ಕುತ್ತಿಗೆಗೂ ಹಗ್ಗ, ನಿನ್ ಕುತ್ತಿಗೆಗೂ ಹಗ್ಗ. ತುದಿ ಮಾತ್ರ ಒಬ್ಬನ ಕೈಲಿ,” ಎಂದ. “ಹಳೇ ಸಂವಿಧಾನದ ಪ್ರಕಾರ ಬರೋ ವರ್ಷ ಅಧ್ಯಕ್ಷ ಇಳೀಬೇಕು. ಮೂರನೇ ಸಲ ನಿಲ್ಲೋ ಹಾಗಿಲ್ಲ. ಅದಕ್ಕೇ ಹೊಸದು ಬರೆಸಿರೋದು. ಅದು ಬಂದ್ರೆ ಅಧ್ಯಕ್ಷನೂ ಅವನೇ, ಪ್ರಧಾನಿಯೂ ಅವನೇ, ಎಷ್ಟ್ ದಿನ ಅಂತ ಕೇಳೋರೂ ಇಲ್ಲ.”

“ಮೆತ್ತಗೆ ಮಾತಾಡೋ,” ಎಂದು ಸೆಂದಾಂಗ್ ಎದ್ದು ಕಿಟಕಿ ಮುಚ್ಚಿದಳು.

ಹೊಸ ಸಂವಿಧಾನಕ್ಕೆ ಮತಪೆಟ್ಟಿಗೆ ಇಟ್ಟು ಜನರ ಒಪ್ಪಿಗೆ ಕೇಳುತ್ತಾರೆಂದು ಮೊದಲು ಸುದ್ದಿಯಿತ್ತು. ಕ್ರಿಸ್ಮಸ್ ಕಳೆಯುವಷ್ಟರಲ್ಲಿ ಅದು ಮುಂದಕ್ಕೆ ಹೋಯಿತು. ಜನವರಿಯಲ್ಲಿ ಬೇರೆಯೇ ಅಪ್ಪಣೆ ಬಂತು: ಪೆಟ್ಟಿಗೆ ಬೇಡ, ಚೀಟಿ ಬೇಡ, ಪ್ರತಿ ಕೇರಿಯಲ್ಲೂ ಜನರ ಸಭೆ ಸೇರಿಸಿ, ಕೈ ಎತ್ತಿಸಿ, ಲೆಕ್ಕ ಕಳಿಸಿ. ಹದಿನೈದು ತುಂಬಿದ ಎಲ್ಲರೂ ಬರಬೇಕು. ಸೇರಿಸುವ ಹೊಣೆ ಕಪಿತಾನನದು.

ಮೊಹೆಂಗ್ ಮನೆಮನೆಗೆ ಹೋದ. ಕೊನೆಯ ಮನೆ ಉಮಿಂಗ್ ಅಜ್ಜಿಯದು. ಇಲುಮಿನಾದಾ ಎಂಬ ಈ ಮುದುಕಿ ಸೂಲಗಿತ್ತಿ. ಕೇರಿಯ ಅರ್ಧ ಜನವನ್ನು ಭೂಮಿಗೆ ಇಳಿಸಿಕೊಂಡವಳು. ಮೊಹೆಂಗನ ಮಕ್ಕಳನ್ನೂ, ಅವರಿಗಿಂತ ಮುಂಚೆ ಸೆಂದಾಂಗ್, ತೆಯೋ ಇಬ್ಬರನ್ನೂ ಅವಳೇ ಹಿಡಿದದ್ದು. ಚುಟ್ಟಾದ ಬೆಂಕಿತುದಿಯನ್ನು ಬಾಯೊಳಗಿಟ್ಟುಕೊಂಡು ಸೇದುವ ಹಳೇ ಕಾಲದ ಹೆಂಗಸು.

“ಏನಕ್ಕೆ ಸಭೆ?” ಎಂದಳು.

“ಹೊಸ ಸಂವಿಧಾನ ಒಪ್ಪಬೇಕಂತೆ ಅಜ್ಜಿ.”

“ನೀನು ಓದಿದೀಯಾ?”

“ಇಲ್ಲ.”

“ಮತ್ತೆ ಮುಖ ನೋಡದೆ ಹೆಣ್ಣು ಒಪ್ಪೋ ಹಾಗೆ?” ಎಂದು ಹೊಗೆ ಬಿಟ್ಟಳು. “ಬರ್ತೀನಿ ಬಿಡು. ಕೂತು ಕೂತು ಸೊಂಟ ಹಿಡ್ಕೊಂಡಿದೆ.”

ಸಭೆ ನಡೆದದ್ದು ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ. ಕತಿಂದಿಗ್ ಬಂದಿದ್ದ. ಜೊತೆಗೆ ಕ್ಯಾಮೆರಾ ಹಿಡಿದವನೊಬ್ಬ, ಬಂದೂಕಿನ ಇಬ್ಬರು ಸೈನಿಕರು. ಸೈನಿಕರು ಏನೂ ಮಾಡಲಿಲ್ಲ. ಕಂಬಕ್ಕೆ ಒರಗಿ ಕಡಲೆಕಾಯಿ ತಿನ್ನುತ್ತಿದ್ದರು. ಆದರೂ ಜನ ಅವರಿದ್ದ ಕಡೆಯಷ್ಟು ಜಾಗ ಖಾಲಿ ಬಿಟ್ಟು ಒತ್ತೊತ್ತಾಗಿ ನಿಂತರು. ಮೊಹೆಂಗ್ ಮೇಜಿನ ಪಕ್ಕ ನಿಂತಿದ್ದ.

ಕತಿಂದಿಗ್ ಕೈಮೈಕು ಹಿಡಿದು, “ನೆರೆಯಿಂದ ನೀವೆಲ್ಲ ನೊಂದಿದ್ದೀರಿ. ಸರ್ಕಾರ ಅಕ್ಕಿ ಕಳಿಸ್ತಿದೆ. ಯಾರ್ಯಾರಿಗೆ ಅಕ್ಕಿ ಬೇಕು, ಕೈ ಎತ್ತಿ!” ಎಂದ.

ಅಂಗಳ ತುಂಬ ಕೈಗಳು ಎದ್ದವು. ಹೆಂಗಸರು ಎರಡೆರಡು ಕೈ ಎತ್ತಿದರು. ಕೆಲವರು ಹಸುಗೂಸುಗಳ ಕೈಯನ್ನೂ ಹಿಡಿದು ಎತ್ತಿದರು. ಕ್ಯಾಮೆರಾದವನು ಬೆಂಚು ಹತ್ತಿ ಪಟಪಟನೆ ಫೋಟೋ ತೆಗೆದ.

“ಇಳಿಸಿ. ಈಗ ಹೊಸ ಸಂವಿಧಾನ. ಒಪ್ಪೋರು ಕೈ ಎತ್ತಿ.”

ಈ ಸಲ ಕೈಗಳು ಹಾಗೆ ಎದ್ದುಬರಲಿಲ್ಲ. ಮುಂದಿನ ಸಾಲಿನವರು ಎತ್ತಿದರು. ಅವರನ್ನು ನೋಡಿ ಹಿಂದಿನವರು, ಪಕ್ಕದವರನ್ನು ನೋಡಿ ಉಳಿದವರು. ಕೆಲವರದು ಭುಜದವರೆಗೆ ಮಾತ್ರ ಬಂದು ನಿಂತಿತು. ಕ್ಯಾಮೆರಾದವನು ಬೆಂಚಿನಿಂದ ಇಳಿದು ಸಿಗರೇಟು ಹಚ್ಚಿದ್ದ. ತೆಯೋ ಎರಡೂ ಕೈ ಜೇಬಿನಲ್ಲಿಟ್ಟು ನೆಲ ನೋಡುತ್ತಿದ್ದುದು ಮೊಹೆಂಗನ ಕಣ್ಣಿಗೆ ಬಿತ್ತು. ಸೆಂದಾಂಗ್ ಒಂದು ಕೈ ಎತ್ತಿ, ಇನ್ನೊಂದರಿಂದ ತಮ್ಮನ ಮೊಣಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಎತ್ತು ಎಂದೋ, ‘ಬೇಡ’ ಅನ್ನುವವರನ್ನು ಕೇಳಿದಾಗ ಎತ್ತಬೇಡ ಎಂದೋ ಹೇಳುವಂತಿರಲಿಲ್ಲ.

“ಸಂತೋಷ. ಬೇಡ ಅನ್ನೋರು ಯಾರಾದ್ರೂ?” ಎಂದು ಕತಿಂದಿಗ್ ಆಗಲೇ ಕಾಗದ ಮಡಚುತ್ತಿದ್ದ.

“ನಾನು,” ಎಂದು ಉಮಿಂಗ್ ಅಜ್ಜಿ ಕೈ ಎತ್ತಿದಳು.

ಕಡಲೆಕಾಯಿ ತಿನ್ನುವ ಸದ್ದು ನಿಂತಿತು.

“ಅಜ್ಜಿ, ನಿಮಗೆ ಅಕ್ಕಿ ಬೇಡ್ವಾ?” ಎಂದ ಕತಿಂದಿಗ್, ಮಗುವನ್ನು ಕೇಳುವ ದನಿಯಲ್ಲಿ.

“ಅಕ್ಕಿಗೆ ಆಗ್ಲೇ ಎತ್ತಿದ್ನಲ್ಲಪ್ಪ. ಇದು ಬೇರೆ ಕೈ. ಅಕ್ಕಿಗೆ ಎತ್ತಿದ್ದನ್ನ ತಗೊಂಡ್ಹೋಗಿ ಆತನಿಗೆ ಕೊಡ್ಬೇಡಿ.”

ಯಾರೋ ಕಿಸಕ್ಕನೆ ನಕ್ಕರು. ನಕ್ಕವರು ಯಾರೆಂದು ನೋಡಲು ಒಬ್ಬ ಸೈನಿಕ ಕತ್ತು ಚಾಚಿದಾಗ ಅಂಗಳ ಮತ್ತೆ ತಣ್ಣಗಾಯಿತು. ಅಜ್ಜಿಯ ಕೈ ಅಷ್ಟು ಹೊತ್ತೂ ಮೇಲೆಯೇ ಇತ್ತು. ಯಾರಾದರೂ ಅದನ್ನು ಇಳಿಸಲಿ ದೇವರೇ ಎಂದು ಅವನು ಬೇಡಿಕೊಂಡ.

ಜನ ಚದುರಿದ ಮೇಲೆ ಕತಿಂದಿಗ್ ವರದಿಯನ್ನು ಮುಂದಿಟ್ಟ. ಸಭೆಗೆ ಬಂದವರೆಲ್ಲ ಒಪ್ಪಿದರು, ವಿರೋಧ ಸೊನ್ನೆ ಎಂದು ಅದರಲ್ಲಿ ಮೊದಲೇ ಟೈಪಾಗಿ ಬಂದಿತ್ತು.

“ಒಂದಿತ್ತಲ್ಲ ಸಾರ್,” ಎಂದ ಮೊಹೆಂಗ್.

“ಎಲ್ಲಿ?”

“ಉಮಿಂಗ್ ಅಜ್ಜಿ.”

“ಓ, ಅದಾ. ಕಂಕುಳು ಕೆರ್ಕೊಳ್ಳೋಕೆ ಎತ್ತಿದ್ದು.” ನಗು ಮುಗಿಸಿ ಅವನು ದನಿ ತಗ್ಗಿಸಿದ. “ನೋಡು ಕಪಿತಾನ್, ನಂಗೇನಿಲ್ಲ. ಒಂದು ಅಂತ ಬರಿ. ಸುತ್ತಮುತ್ತಲ ಕೇರಿಯೆಲ್ಲ ಸೊನ್ನೆ. ನಿಂದು ಮಾತ್ರ ಒಂದು. ಆಗ ಮೇಲಿನವರು ಕೇಳ್ತಾರೆ, ಆ ಒಂದು ಯಾರು ಅಂತ. ಹೆಸರೂ ನೀನೇ ಬರ್ಕೊಡ್ಬೇಕಾಗುತ್ತೆ. ಯೋಚ್ನೆ ಮಾಡು.”

ಮೊಹೆಂಗ್ ಪೆನ್ನು ಹಿಡಿದುಕೊಂಡು ಕುಳಿತ. ನಿಜ ಬರೆದರೆ ಅಜ್ಜಿಯನ್ನು ಹಿಡಿದುಕೊಟ್ಟ ಹಾಗೆ. ಸುಳ್ಳು ಬರೆದರೆ ಅವಳು ಆ ಅಂಗಳಕ್ಕೆ ಬಂದೇ ಇಲ್ಲ ಎಂದ ಹಾಗೆ. ಎರಡರ ನಡುವೆ ಬೇರೆ ದಾರಿಯೊಂದು ಇರಲೇಬೇಕು ಎಂದು ಹುಡುಕಿದ. ಕತಿಂದಿಗ್ ಗಡಿಯಾರ ನೋಡಿದ. ಮೊಹೆಂಗ್ ಸಹಿ ಹಾಕಿದ.

ಮಾರನೆಯ ದಿನ ಇದನ್ನು ತಾನೇ ಹೇಳುವುದು ಮರ್ಯಾದೆ ಎನ್ನಿಸಿ ಅವನು ಅಜ್ಜಿಯ ಮನೆಗೆ ಹೋದ. ಸೊನ್ನೆಗೆ ಸಹಿ ಹಾಕಿದ್ದನ್ನು ಹೇಳಿದ.

“ನಿನ್ನ ಉಳಿಸೋಕೆ ಮಾಡಿದ್ದು ಅಜ್ಜಿ.”

“ನನ್ನ ಉಳಿಸು ಅಂತ ನಾನು ಕೇಳಿದ್ನಾ? ಒಂದು ಕೈ ಎತ್ತಿದ್ದೆ. ಅದನ್ನ ನೀನು ತಿಂದ್ಬಿಟ್ಟೆ,” ಎಂದು ಚುಟ್ಟಾ ಆರಿಸಿ ಒಳಗೆ ಹೋದಳು.

ಅದೇ ವಾರ ರೇಡಿಯೋದಲ್ಲಿ ಪ್ರಕಟಣೆ ಬಂತು. ದೇಶದ ಜನ ಒಕ್ಕೊರಲಿನಿಂದ ಒಪ್ಪಿದ್ದಾರೆ, ಹೊಸ ಸಂವಿಧಾನ ಜಾರಿಗೆ ಬಂದಿದೆ. ಸಂಸತ್ತು ಸೇರಬೇಕಾಗಿದ್ದ ದಿನ ತೆಯೋ ಪಟ್ಟಣಕ್ಕೆ ಹೋಗಿ ದೂರದಿಂದ ನೋಡಿ ಬಂದ. ಬಾಗಿಲಿಗೆ ಬೀಗ ಬಿದ್ದಿತ್ತು. ಕೋಟು ಹಾಕಿಕೊಂಡ ದೊಡ್ಡ ಮನುಷ್ಯರು ಬಿಸಿಲಿನಲ್ಲಿ ನಿಂತಿದ್ದರು. “ನಮ್ ಪ್ರೆಸ್ಸಿಗೆ ಹಾಕಿದ್ರಲ್ಲ, ಅಂಥದ್ದೇ ಬೀಗ,” ಎಂದ. ಬೇಸಿಗೆ ಹತ್ತಿರವಾದಾಗ ದೊಡ್ಡ ನ್ಯಾಯಾಲಯದ ತೀರ್ಪೂ ಬಂತು. ಹೊಸ ಸಂವಿಧಾನಕ್ಕೆ ಇನ್ನು ಅಡ್ಡಿಯಿಲ್ಲ ಎಂಬುದು ಅದರ ತಾತ್ಪರ್ಯ. ತಾರೀಖಿಲ್ಲದ ತನ್ನ ಹಾಳೆ ಯಾವ ಮೇಜಿನ ಖಾನೆಯಲ್ಲಿದೆಯೋ ಎಂದು ಮೊಹೆಂಗ್ ಆ ದಿನವೆಲ್ಲ ಯೋಚಿಸಿದ. ಒಂದು ಬುಟ್ಟಿ ಮೊಟ್ಟೆ ಕಾವು ಹೆಚ್ಚಾಗಿ ಕೆಟ್ಟುಹೋಯಿತು.

ಏಪ್ರಿಲಿನಲ್ಲಿ ಜೀಪ್‌ನಿ ಎಂಬ ಬಾಡಿಗೆ ಗಾಡಿಗಳು ನಿಲ್ಲುವ ಕಟ್ಟೆಯ ಮೇಲೆ ಯಾರೋ ಒಂದು ಅಚ್ಚಿನ ಹಾಳೆ ಅಂಟಿಸಿದ್ದರು. ಕೈ ಎತ್ತಿಸಿದ ಸಭೆಗಳ ಬಗ್ಗೆ ಗೇಲಿ ಅದರಲ್ಲಿತ್ತು. ಸಂಜೆಯೊಳಗೆ ಸುತ್ತಮುತ್ತ ಇದ್ದ ಹಳೇ ಪ್ರೆಸ್ಸಿನ ಕೆಲಸಗಾರರನ್ನೆಲ್ಲ ಸೈನಿಕರು ಜೀಪಿಗೆ ಹತ್ತಿಸಿದರು. ತೆಯೋ ಬುಟ್ಟಿಗೆ ಬತ್ತದ ಚೀಲ ಇಳಿಸುತ್ತಿದ್ದ. ಕೈ ಒರೆಸಿಕೊಳ್ಳಲೂ ಬಿಡಲಿಲ್ಲ.

“ನಿಂಗೆ ಗುರ್ತಿಲ್ವಾ ಯಾರೂ? ಕಪಿತಾನ್ ಅಲ್ವಾ ನೀನು? ಏನ್ ಕಪಿತಾನ್ ನೀನು!” ಎಂದು ಸೆಂದಾಂಗ್ ಗಂಡನ ಎದೆಗೆ ಗುದ್ದಿದಳು. ಹದಿನೇಳು ವರ್ಷದ ಸಂಸಾರದಲ್ಲಿ ಅವಳು ಹಾಗೆ ಮಾಡಿರಲಿಲ್ಲ.

ಮೊಹೆಂಗ್ ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ಸೇನೆಯ ಶಿಬಿರಕ್ಕೆ ಹೋದ. ಎರಡು ದಿನ ಗೇಟಿನಲ್ಲೇ ನಿಲ್ಲಿಸಿದರು. ಮೂರನೆಯ ದಿನ ಒಬ್ಬ ಎಳೆಯ ಲೆಫ್ಟಿನೆಂಟ್ ಒಳಗೆ ಕರೆದ. ಬಹಳ ವಿನಯದ ಹುಡುಗ. ಕುರ್ಚಿ ಕೊಟ್ಟ.

“ಯಾವ ಕೇರಿ ಅಂದ್ರಿ? ತಾಬಿಂಗ್‌ಸಾಪಾ?” ಕಡತ ತಿರುವಿ ಅವನ ಮುಖ ಅರಳಿತು. “ಒಂದೂ ವಿರೋಧ ಇಲ್ದೆ ಇರೋ ಕೇರಿ! ಅಲ್ಲ ಕಪಿತಾನ್, ಅಂಥ ಊರಲ್ಲಿ ಇಂಥೋನು ಹೇಗಿದ್ದ?”

“ಅವನೂ ಕೈ ಎತ್ತಿದ್ದ ಸಾರ್,” ಎಂದ ಮೊಹೆಂಗ್. ಬಾಯಿಯಿಂದ ಬಂದ ಮೇಲೆಯೇ ಅದು ತನ್ನ ಮಾತೆಂದು ಗೊತ್ತಾದದ್ದು. “ನಾನೇ ಎಣಿಸಿದೆ. ನನ್ನ ಪಕ್ಕದಲ್ಲೇ ನಿಂತಿದ್ದ. ಎಲ್ಲರಿಗಿಂತ ಮುಂಚೆ ಎತ್ತಿದ.”

“ನೀವು ಜವಾಬ್ದಾರಿ ತಗೋತೀರಾ?”

“ತಗೋತೀನಿ.”

“ಜುಲೈನಲ್ಲಿ ಮತ್ತೊಂದು ಸಭೆ ಇದೆ. ಅಧ್ಯಕ್ಷರು ಮುಂದುವರೀಬೇಕಾ ಅಂತ ಕೇಳ್ತಾರೆ. ಆಗಲೂ ನಿಮ್ಮ ಕೇರಿ ಹೀಗೇ ಇರುತ್ತೆ ಅಲ್ವಾ?” ಹುಡುಗ ಎದ್ದು ಕೈ ಕುಲುಕಿದ. “ನಾನೇ ಬರ್ತೀನಿ, ನೋಡೋಕೆ.”

ತೆಯೋ ಬಿಡುಗಡೆಯಾಗಿ ಬಂದ. ತಲೆ ಬೋಳಿಸಿದ್ದರು. ಬಲಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಏನಾಯಿತು ಎಂದರೆ ‘ಬಾಗಿಲು ಬಡೀತು’ ಎನ್ನುತ್ತಿದ್ದ. ಹಗಲೆಲ್ಲ ಮೊಟ್ಟೆಮನೆಯ ಕತ್ತಲಲ್ಲಿ ಬುಟ್ಟಿಗಳ ನಡುವೆ ಕುಳಿತಿರುತ್ತಿದ್ದ. ಸೆಂದಾಂಗ್ ಬಾಗಿಲು ತೆರೆಯುವ ಮುಂಚೆ ಹೊರಗಿನಿಂದ, “ನಾನು, ನಾನೇ ಕಣೋ,” ಎಂದು ಕೂಗಿ ಒಳಗೆ ಹೋಗಬೇಕಿತ್ತು.

ಜೂನ್ ಕಳೆಯುತ್ತ ಬಂದಂತೆ ಮೊಹೆಂಗ್‌ಗೆ ಊಟ ಸೇರದಾಯಿತು. ಲೆಫ್ಟಿನೆಂಟ್ ಬರುತ್ತಾನೆ. ಕಣ್ಣೆದುರೇ ಒಂದು ಕೈ ಎದ್ದರೆ ಸುಳ್ಳು ಬರೆದುಕೊಟ್ಟವನು ಯಾರೆಂದು ಗೊತ್ತಾಗುತ್ತದೆ. ಆಮೇಲೆ ತೆಯೋ. ತನ್ನದು ಹೇಗೋ ಆಗಲಿ, ತೆಯೋ ಇನ್ನೊಂದು ಸಲ ಆ ಜೀಪು ಹತ್ತಿದರೆ ಇಳಿಯುವುದಿಲ್ಲ.

ಸಭೆಯ ಹಿಂದಿನ ಮಧ್ಯಾಹ್ನ ಅವನು ಉಮಿಂಗ್ ಅಜ್ಜಿಯ ಮನೆಗೆ ಹೋದ. ಜನವರಿಯಿಂದ ಅವಳು ಅವನ ಜೊತೆ ಮಾತಾಡಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು.

“ನಾಳೆ ಬರ್ಬೇಡ ಅಜ್ಜಿ.”

“ಕರೆಯೋಕೆ ಬರ್ತಿದ್ದೋನು ಈಗ ಬೇಡ ಅನ್ನೋಕೆ ಬಂದಿದೀಯಾ?”

“ಜ್ವರ ಅಂತ ಹೇಳ್ತೀನಿ.”

“ನಂಗೆ ಜ್ವರ ಇಲ್ಲ.”

ಮೊಹೆಂಗ್ ಶಿಬಿರದಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಆ ಸುಳ್ಳು ವರದಿಯ ಬಲದಿಂದಲೇ ತೆಯೋನನ್ನು ಬಿಡಿಸಿಕೊಂಡು ಬಂದದ್ದು ಎಂದ. ಹೇಳುವಾಗ ಅವನಿಗೆ ಅಳು ಬಂತು. ತಡೆಯಲು ನೋಡಲಿಲ್ಲ. ಅಜ್ಜಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಅವ್ನು ಹುಟ್ಟುವಾಗ ಕಾಲು ಮುಂದಾಗಿ ಬಂದಿದ್ದ,” ಎಂದಳು ಕೊನೆಗೆ. “ಅವರಮ್ಮ ಬದುಕಲ್ಲ ಅಂದ್ಕೊಂಡಿದ್ರು ಎಲ್ರೂ. ನಾನು ಬೆಳಗಿನ ತನಕ ಕೈ ತೆಗೀಲಿಲ್ಲ.” ಸೊಪ್ಪಿನ ಕಡ್ಡಿಗಳನ್ನು ಕೋಳಿಗೆ ಎಸೆದಳು. “ಹೋಗು. ಜ್ವರ ಅಂತ ಹೇಳು.”

“ಅಜ್ಜಿ...”

“ಹೋಗು ಅಂದ್ನಲ್ಲ. ಕ್ಷಮಿಸಿದೀನಿ ಅಂತ ಮಾತ್ರ ತಿಳ್ಕೋಬೇಡ.”

ಮಾರನೆಯ ದಿನ ಲೆಫ್ಟಿನೆಂಟ್ ಬಂದ. ಕತಿಂದಿಗ್ ಅಕ್ಕಿಯ ಮಾತು ಎತ್ತಲಿಲ್ಲ. ಈಗ ಅದು ಬೇಕಾಗಿರಲಿಲ್ಲ. ಅಧ್ಯಕ್ಷರು ಮುಂದುವರಿಯಬೇಕೆ ಎಂದು ಕೇಳಿದ್ದೇ ತಡ ಅಂಗಳದ ತುಂಬ ಕೈಗಳು ಎದ್ದವು, ಜನವರಿಗಿಂತ ಬೇಗ, ಜನವರಿಗಿಂತ ನೇರವಾಗಿ. ತೆಯೋನ ಕೈಯೂ ಎದ್ದಿತ್ತು, ಮಡಚಲಾಗದ ಎರಡು ಬೆರಳು ಎಲ್ಲರಿಗೂ ಕಾಣುವಂತೆ. ಬೇಡ ಎನ್ನುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಬಾತುಗಳ ಸದ್ದು ಮಾತ್ರ ಕೇಳಿಸಿತು. ಲೆಫ್ಟಿನೆಂಟ್ ಮೊಹೆಂಗನ ಬೆನ್ನು ತಟ್ಟಿದ. ವಿರೋಧ ಸೊನ್ನೆ ಎಂಬ ವರದಿಗೆ ಮೊಹೆಂಗ್ ಸಹಿ ಹಾಕಿದ. ಈ ಸಲ ಅದರಲ್ಲಿ ಸುಳ್ಳಿರಲಿಲ್ಲ.

ಆ ಮೇಲೆ ಸುಮಾರು ಒಂಬತ್ತು ವರ್ಷ ಕೇರಿಗೆ ಚುನಾವಣೆ ಬರಲಿಲ್ಲ, ಅಷ್ಟು ಕಾಲವೂ ಮೊಹೆಂಗನೇ ಕಪಿತಾನ್. ಬಿಡುತ್ತೇನೆಂದು ಎರಡು ಸಲ ಪುರಸಭೆಗೆ ಹೋಗಿದ್ದ. “ನಿನ್ ರಾಜೀನಾಮೆ ನಮ್ಮ ಹತ್ರಾನೇ ಇದೆಯಲ್ಲಯ್ಯಾ, ಅವಸರ ಏನು?” ಎಂದು ಕತಿಂದಿಗ್ ಕಾಫಿ ಕುಡಿಸಿ ಕಳಿಸಿದ.

ಆದರೆ ಆ ಜುಲೈ ದಿನ ಸಭೆ ಮುಗಿದ ಕೂಡಲೇ ಅವನು ಹೋದದ್ದು ಉಮಿಂಗ್ ಅಜ್ಜಿಯ ಮನೆಗೆ. ಅವಳು ಹೊದ್ದುಕೊಂಡು ಮಲಗಿದ್ದಳು. ಹಣೆ ಮುಟ್ಟಿದರೆ ನಿಜಕ್ಕೂ ಬೆಚ್ಚಗಿತ್ತು.

“ಎಲ್ರೂ ಎತ್ತಿದ್ರಾ?”

“ಎಲ್ರೂ.”

“ತೆಯೋ?”

“ಅವನೂ.”

ಅಜ್ಜಿ ಗೋಡೆಯ ಕಡೆ ತಿರುಗಿದಳು. ಅತ್ತ ಮುಖವಿಟ್ಟೇ, “ಒಲೆ ಮೇಲೆ ನುಗ್ಗೆಸೊಪ್ಪಿನ ಕೋಳಿಸಾರು ಇದೆ. ಅವನಿಗೆ ತಗೊಂಡ್ಹೋಗು. ಬೆರಳಿಗೆ ಒಳ್ಳೇದು,” ಎಂದಳು.

ಮೊಹೆಂಗ್ ಬಿಸಿ ಮಡಕೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಟ. ದೊಡ್ಡ ರಸ್ತೆಯ ಕಡೆಯಿಂದ ಜೀಪಿನ ಸದ್ದು ಬಂತು. ಅವನು ಬಿದಿರುಬೇಲಿಗೆ ಒತ್ತಿಕೊಂಡು ನಿಂತ. ಸದ್ದು ಕೇರಿಯ ತಿರುವಿನಲ್ಲಿ ನಿಧಾನವಾಯಿತು, ಮತ್ತೆ ಮುಂದೆ ಹೋಯಿತು. ಅದು ಪೂರ್ತಿ ಕೇಳಿಸದಂತಾದ ಮೇಲೆ, ಸಾರು ತುಳುಕದ ಹಾಗೆ ಮೆಲ್ಲನೆ ಮನೆಯ ಕಡೆಗೆ ನಡೆದ.